ಒಂದು ಕೈಯಲ್ಲಿ ಎತ್ತುವ ಬಾನೆಟ್

ಡಾಕ್ಟರ್ ಬಾಯಿಯವರು ಗಾಡಿಯಿಂದ ಇಳಿದು ಮೊದಲು ನನಗೆ ತೋರಿಸಿದ್ದು ಗಾಡಿಯನ್ನಲ್ಲ, ತಮ್ಮ ಬಲಗೈಯನ್ನು. ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು. ಪಟ್ಟಿಯ ಆಚೆ ಈಚೆ ಚರ್ಮ ನೀಲಿಗಟ್ಟಿತ್ತು.

"ಇದರ ಮ್ಯಾಲ ಬಾನೆಟ್ ಬಿತ್ರಿ ಮಿಸ್ತ್ರಿ," ಅಂದರು. "ಹಾದ್ಯಾಗ ನಿಂತು ರೇಡಿಯೇಟರಿಗೆ ನೀರು ಹಾಕಾಕತ್ತಿದ್ನಿ. ಬಾನೆಟ್ ನಿಲ್ಲಸಾಕ ಆನಿಕಿ ಕೊಟ್ಟ ಸಳಿ ಜಾರಿ ಧಪ್ ಅಂತ ಬಿತ್ತು. ಎಲುಬು ಮುರಿದಿಲ್ಲ, ಪುಣ್ಯ. ಮುರಿದಿದ್ರ ಯಾವ ಕೈಲೆ ಹೆರಿಗಿ ಮಾಡಸ್ಲಿ?"

ಅವರು ಮೂಡಲಗಿಯಲ್ಲಿ ಒಂದು ಸಣ್ಣ ಹೆರಿಗೆ ದವಾಖಾನೆ ನಡೆಸುತ್ತಿದ್ದರು. ಕೌಜಲಗಿ, ಮೇಲವಂಕಿ ಕಡೆಯ ಹಳ್ಳಿಗಳಿಂದ ಕರೆ ಬಂದರೆ ತಾವೇ ಗಾಡಿ ಹೊಡೆದುಕೊಂಡು ಹೋಗುತ್ತಿದ್ದರು. ಕೈಮೀರಿದ ಬಸುರಿಯರನ್ನು ಅದೇ ಗಾಡಿಯಲ್ಲಿ ಹಾಕಿಕೊಂಡು ಗೋಕಾಕದ ದೊಡ್ಡ ದವಾಖಾನೆಗೆ ತರುತ್ತಿದ್ದರು. ಆಗಿನ್ನೂ ನಾವು ಮುಂಬೈ ರಾಜ್ಯದಲ್ಲೇ ಇದ್ದ ಕಾಲ. ನಮ್ಮ ಸೀಮೆಯಲ್ಲಿ ಸ್ಟೇರಿಂಗ್ ಹಿಡಿದ ಹೆಂಗಸು ಅವರೊಬ್ಬರೇ. ಗಾಡಿ ಯಾರೋ ಬಳಸಿ ಮಾರಿದ ವಿಲಾಯತಿ ಮಾಲು. ಅದರ ಬಾನೆಟ್ಟು ದಪ್ಪ ಉಕ್ಕಿನ ತಗಡಿನದು. ಗಂಡಾಳು ಎರಡೂ ಕೈ ಹಾಕಿ ಎತ್ತಬೇಕಾದಂಥದ್ದು. ಇಂಜಿನ್ ಮಾತ್ರ ಏರು ಹತ್ತಿದಾಗಲೆಲ್ಲ ಕುದಿಯುತ್ತಿತ್ತು.

"ಒಂದ ಕೈಲೆ ಎತ್ತೂ ಹಂಗ ಹಗುರ ಬಾನೆಟ್ ಮಾಡಿ ಕೊಡ್ರಿ. ಆಗತೈತೇನು?"

"ಆಗೂದಿಲ್ಲ ಅನ್ನೂ ಮಾತ ಇಲ್ರಿ ಬಾಯಾರ," ಅಂದೆ.

ಮೋಟಾರ್ ಸ್ಟ್ಯಾಂಡಿನ ಹಿಂದೆ ನನ್ನ ಛಪ್ಪರ ಇತ್ತು. ತಗಡಿನ ಕೆಲಸವನ್ನು ನಾನು ಕೊಲ್ಲಾಪುರದಲ್ಲಿ ಬಸ್ಸಿನ ಮೈ ಕಟ್ಟುವವರ ಹತ್ತಿರ ಕಲಿತಿದ್ದೆ. ದಂಡಿನ ಹರಾಜಿನಲ್ಲಿ ಬಂದ ಅಲ್ಯುಮಿನಿಯಂ ತಗಡು ನನ್ನ ಹತ್ತಿರ ಬಹಳ ದಿನದಿಂದ ಬಿದ್ದಿತ್ತು. ಗೋಕಾಕದಲ್ಲಿ ಆ ತಗಡನ್ನು ಬಾಗಿಸಬಲ್ಲವನು ನಾನೊಬ್ಬನೇ ಎಂಬ ಜಂಬವೂ ಅದರ ಜೊತೆಗೇ ಇತ್ತು.

ಅಲ್ಯುಮಿನಿಯಂ ತಣ್ಣಗಿದ್ದಾಗ ಬಡಿದರೆ ಬಿರುಕು ಬಿಡುತ್ತದೆ. ಮೊದಲು ತಗಡಿಗೆ ಸಾಬೂನು ಸವರಬೇಕು. ಅಡಿಯಿಂದ ಬೆಂಕಿ ಹಿಡಿಯಬೇಕು. ಸಾಬೂನು ಕಪ್ಪಗಾದ ಕ್ಷಣಕ್ಕೆ ಬೆಂಕಿ ತೆಗೆಯಬೇಕು. ಇನ್ನೂ ಕಾಯಿಸಿದರೆ ತಗಡು ಕಣ್ಣೆದುರೇ ತೂತಾಗುತ್ತದೆ. ಹಾಗೆ ಮೆತ್ತಗಾದ ತಗಡನ್ನು ಮರಳಿನ ಚೀಲದ ಮೇಲಿಟ್ಟು ಮರದ ಕೊಡತಿಯಿಂದ ಬಡಿದು, ಹಳೆಯ ಬಾನೆಟ್ಟಿನ ಉಬ್ಬು ತಗ್ಗುಗಳನ್ನು ಇದರಲ್ಲಿ ಇಳಿಸಿದೆ. ಅಂಚಿನುದ್ದಕ್ಕೂ ತಂತಿ ಇಟ್ಟು ಮಡಚಿದೆ. ಒಳಬದಿಯಲ್ಲಿ ಹಳೆಯದಕ್ಕೆ ಉಕ್ಕಿನ ಪಟ್ಟಿಗಳ ಒಂದು ಚೌಕಟ್ಟೇ ಇತ್ತು. ತೂಕ ಆಗುತ್ತದೆಂದು ನಾನು ಅದನ್ನು ಹಾಕಲಿಲ್ಲ. ಹಿಂದಿನ ಬಿಜಾಗರಿಗಳನ್ನೂ ಮುಂದಿನ ಲಾಕಿನೊಳಗೆ ಇಳಿಯುವ ಗೂಟವನ್ನೂ ಹಳೆಯದರಿಂದಲೇ ಕತ್ತರಿಸಿ ತೆಗೆದು ಹೊಸ ತಗಡಿಗೆ ರಿವೆಟ್ ಹೊಡೆದೆ. ಕತ್ತರಿಸುವ ಮುಂಚೆ ಬಾಯಿಯವರನ್ನು ಕೇಳಬೇಕು ಅನ್ನಿಸಲೇ ಇಲ್ಲ. ಹೊಸದು ಬಂದ ಮೇಲೆ ಹಳೆಯದು ಯಾರಿಗೆ ಬೇಕು?

ಇನ್ನೊಂದನ್ನು ಬಿಟ್ಟೆ. ಲಾಕ್ ಅಕಸ್ಮಾತ್ ಬಿಟ್ಟರೂ ಬಾನೆಟ್ ಹಾರದಂತೆ ಹಿಡಿಯುವ ಎರಡನೆಯ ಕೊಂಡಿ ಹಳೆಯದರಲ್ಲಿತ್ತು. ಅದನ್ನು ಬಿಡಿಸಬೇಕೆಂದರೆ ಒಂದು ಕೈ ಬಾನೆಟ್ ಎತ್ತಬೇಕು, ಇನ್ನೊಂದು ಕೈಯ ಬೆರಳು ಸಂದಿಯೊಳಗೆ ಹೋಗಬೇಕು. ಒಂದು ಕೈ ಎಂದು ಮಾತು ಕೊಟ್ಟಿದ್ದೆನಲ್ಲ, ಕೊಂಡಿಯನ್ನೇ ಕೈಬಿಟ್ಟೆ.

ಗಾಡಿ ಒಯ್ಯಲು ಬಂದ ದಿನ ಬಾಯಿಯವರು ಎಡಗೈಯಿಂದ ಬಾನೆಟ್ ಎತ್ತಿ, ಇಳಿಸಿ, ಮತ್ತೆ ಎತ್ತಿ ಹುಡುಗಿಯಂತೆ ನಕ್ಕರು. ಸ್ಟ್ಯಾಂಡಿನ ಮಂದಿ ಸೇರಿದ್ದರು. ಮೂಡಲಗಿಗೆ ಹೋಗುವ ಸರ್ವೀಸ್ ಮೋಟಾರಿನ ಡ್ರೈವರ್ ನನ್ನ ಗೆಳೆಯ. ಅವನು ಒಂದೇ ಬೆರಳಿನಿಂದ ಎತ್ತಿ ತೋರಿಸಿ, "ಹಪ್ಪಳ ಮಾಡಿ ಕೊಟ್ಟೀಯಲ್ಲೋ!" ಅಂದ. ಆ ಮಾತು ನನಗೆ ಹೊಗಳಿಕೆಯಾಗಿಯೇ ಕೇಳಿಸಿತು.

ಒಂದು ಮಾತ್ರ ಕಸಿವಿಸಿ ಇತ್ತು. ಹಳೆಯದು ತನ್ನ ತೂಕಕ್ಕೇ ಬಿದ್ದು ಲಾಕ್ ಆಗುತ್ತಿತ್ತು. ಇದು ಲಾಕಿನ ಸ್ಪ್ರಿಂಗಿನ ಮೇಲೆ ಕೂತು ನಿಂತುಬಿಡುತ್ತಿತ್ತು. ಅಂಗೈಯಿಂದ ಒತ್ತಬೇಕಾಗುತ್ತಿತ್ತು. "ಟಕ್ ಅನ್ನೂತನಕ ಒತ್ರಿ, ಅಷ್ಟ," ಅಂತ ಹೇಳಿ ಕಳಿಸಿದೆ.

ಕೆಲವು ದಿನದ ಮೇಲೆ ಅವರು ಮತ್ತೆ ಬಂದರು. "ಜೋರು ಹೋದ್ರ ಮುಂದಿನ ಅಂಚು ಥರಥರ ನಡಗತೈತ್ರಿ ಮಿಸ್ತ್ರಿ. ಕಣ್ಣಿಗೆ ಕಾಣಸತೈತಿ."

"ಹಗುರ ತಗಡ ಐತೆಲ್ರಿ. ಅಷ್ಟು ನಡಗೂದ," ಅಂದೆ. ಅಂಚಿನ ಕೆಳಗೆ ಒಂದು ರಬ್ಬರ್ ಪಟ್ಟಿ ಅಂಟಿಸಿ ಕೊಟ್ಟೆ. ಗಾಡಿಯಲ್ಲಿ ಕೂತು ಒಂದು ಸುತ್ತು ಹೋಗಿ ನೋಡಲಿಲ್ಲ. ಅವರು ನನ್ನ ಮಾತು ನಂಬಿ ಹೋದರು.

ಸುದ್ದಿ ನನಗೆ ತಿಳಿದದ್ದು ಚಾದಂಗಡಿಯಲ್ಲಿ. ನಾನು ಒಳಗೆ ಹೋದಾಗ ಡ್ರೈವರ್ ಎದ್ದು ನಿಂತು ಕೈ ಆಡಿಸಿ ಕಥೆ ಹೇಳುತ್ತಿದ್ದ. ಬಾಯಿಯವರು ಕೌಜಲಗಿಯಿಂದ ಹೆರಿಗೆ ಬೇನೆಯ ಹೆಂಗಸನ್ನೂ ಅವಳ ಅತ್ತೆಯನ್ನೂ ಹಾಕಿಕೊಂಡು ಗೋಕಾಕಕ್ಕೆ ಬರುತ್ತಿದ್ದರಂತೆ. ಮೇಲವಂಕಿ ಸಮೀಪ ಗಾಡಿ ರಸ್ತೆ ಬಿಟ್ಟು ಹೊಲಕ್ಕೆ ಇಳಿದು ನಿಂತಿದೆ. ಅತ್ತೆಯ ಹಣೆ ಒಡೆದಿದೆ. ಆ ಹೆಂಗಸನ್ನು ಎತ್ತಿನ ಚಕ್ಕಡಿಯಲ್ಲಿ ಹಾಕಿ ತಂದಿದ್ದಾರೆ. ದಾರಿಯಲ್ಲೇ, ಚಕ್ಕಡಿಯಲ್ಲೇ ಹೆರಿಗೆಯಾಗಿದೆ. ತಾಯಿ ಮಗು ಜೀವಂತ ಇದ್ದಾರೆ.

"ಹೆಂಗಸಿನ ಕೈಯಾಗ ಸ್ಟೇರಿಂಗ ಕೊಟ್ರ ಇನ್ನೇನ್ ಆಕ್ಕೈತಿ?" ಅಂದ ಡ್ರೈವರ್. ಅಂಗಡಿಗೆ ಅಂಗಡಿಯೇ ನಕ್ಕಿತು.

"ಬಾನೆಟ್ ಹೆಂಗೈತಿ?" ಅಂದೆ.

"ಅದ ಹಾರಿ ಮುಂದಿನ ಕಾಜಿಗೆ ಬಡಿದೈತಿ. ನೀ ಏನ್ ಮಾಡ್ತೀಪಾ? ಛಲೋ ಮಾಡಿ ಕೊಟ್ಟಿದ್ದಿ. ಮುಚ್ಚಾಕ ಆಕಿಗೆ ಬರಬೇಕಲ್ಲ?"

ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಮುಂದೆ ಚಹಾ ಬಂದಿತ್ತು. ಅವಳಿಗೆ ಮುಚ್ಚಲು ಬರಲಿಲ್ಲ ಅನ್ನುವ ಮಾತು ನಿಜವೇ ಇರಬಹುದಲ್ಲ ಎಂದು ನನಗೆ ಒಳಗೊಳಗೇ ಆಸೆಯಾಯಿತು. ಆ ಆಸೆಯ ನೆನಪಾದರೆ ಈಗಲೂ ಮೈ ಕುಗ್ಗುತ್ತದೆ. ಚಹಾ ಕುಡಿದು ಎದ್ದು ಹೋದೆ.

ಸೈಕಲ್ ಮೇಲೆ ಮೇಲವಂಕಿಗೆ ಹೋದೆ. ಗಾಡಿ ಜೋಳದ ಕೊಯ್ಲು ಮುಗಿದ ಹೊಲದಲ್ಲಿ ಮೂತಿ ತಗ್ಗಿಸಿ ನಿಂತಿತ್ತು. ಬಾನೆಟ್ಟು ಹಿಂದಕ್ಕೆ ಮಡಚಿ ಗಾಡಿಯ ಚಾವಣಿಯ ಮೇಲೆ ಬಿದ್ದಿತ್ತು. ಮುಂದಿನ ಗಾಜು ಜೇಡರಬಲೆಯ ಹಾಗೆ ಸೀಳಿತ್ತು. ರಸ್ತೆಯ ಮೇಲಿನ ಗಾಲಿಯ ಗುರುತು ನೋಡಿದೆ. ಎಲ್ಲಿಯೂ ಅತ್ತಿತ್ತ ಓಲಾಡಿರಲಿಲ್ಲ. ಎದುರಿಗೆ ಏನೂ ಕಾಣದಾದ ಮೇಲೂ ಅವರು ಗಾಡಿಯನ್ನು ನಿಧಾನವಾಗಿ ಎಡಕ್ಕೆ ತಂದು, ಗಟಾರದ ಸಮತಟ್ಟು ಜಾಗ ನೋಡಿ ಇಳಿಸಿದ್ದರು.

ಆಮೇಲೆ ಬಗ್ಗಿ ಲಾಕ್ ನೋಡಿದೆ. ಲಾಕ್ ಮುಚ್ಚೇ ಇತ್ತು. ಗೂಟ ಅದರೊಳಗೆ ಭದ್ರವಾಗಿ ಕೂತಿತ್ತು, ರಿವೆಟ್ಟುಗಳ ಸಮೇತ. ಹರಿದಿದ್ದು ನನ್ನ ತಗಡು. ಅಂಚು ನಡುಗಿ ನಡುಗಿ ರಿವೆಟ್ಟಿನ ತೂತುಗಳು ಅಗಲವಾಗಿ, ಕೊನೆಗೆ ಒಂದಕ್ಕೊಂದು ಕೂಡಿಕೊಂಡಿದ್ದವು. ಹಿಡಿಯಲು ಎರಡನೆಯ ಕೊಂಡಿ ಇರಲಿಲ್ಲ. ಗೂಟವನ್ನು ಲಾಕಿನಿಂದ ಬಿಡಿಸಿ ಕಿಸೆಗೆ ಹಾಕಿಕೊಂಡೆ.

ದೊಡ್ಡ ದವಾಖಾನೆಯ ಪಡಸಾಲೆಯಲ್ಲಿ ಬಾಯಿಯವರು ಸಿಕ್ಕರು. ಸೀರೆಯ ಅಂಚಿಗೆಲ್ಲ ಮಣ್ಣು. ನಾನು ಮಾತಾಡುವ ಮುಂಚೆ ಅವರೇ ಶುರು ಮಾಡಿದರು.

"ನಂದ ತಪ್ಪ ಇರಬೇಕ್ರಿ ಮಿಸ್ತ್ರಿ. ನೀವು ಟಕ್ ಅನ್ನೂತನಕ ಒತ್ರಿ ಅಂದಿದ್ರಿ. ಗಡಿಬಿಡ್ಯಾಗ ಸರಿಯಾಗಿ ಒತ್ತಿರಲಿಕ್ಕಿಲ್ಲ. ಕಿಡಕ್ಯಾಗಿಂದ ತಲಿ ಹೊರಗ ಹಾಕಿ ಹೆಂಗೋ ನಿಂದರಿಸಿದ್ನಿ. ಆ ಹೆಣ್ಣಮಗಳ ಜೀವಕ್ಕ ಏನಾರ ಆಗಿದ್ರ?"

ಅಷ್ಟು ಹೊತ್ತು ಅವರು ತಮ್ಮನ್ನೇ ಬೈದುಕೊಳ್ಳುತ್ತ ಕೂತಿದ್ದರು. ನನಗೆ ನಿಂತ ನೆಲ ಸುಡುತ್ತಿತ್ತು. ಗೂಟ ತೆಗೆದು ಅಂಗೈಯಲ್ಲಿಟ್ಟು ತೋರಿಸಿದೆ.

"ನೀವು ಬರೋಬ್ಬರಿ ಮುಚ್ಚೀರ್ರಿ ಬಾಯಾರ. ಇದು ಲಾಕಿನ್ಯಾಗ ಹಂಗ ಐತಿ. ಹರಿದಿದ್ದು ನನ್ನ ತಗಡ. ಅವತ್ತ ನೀವು ನಡಗತೈತಿ ಅಂದಾಗ ನಾ ಕೇಳಬೇಕಾಗಿತ್ತು."

ಅವರು ಗೂಟವನ್ನು ತೆಗೆದುಕೊಂಡು ತಿರುಗಿಸಿ ನೋಡಿದರು. ರಿವೆಟ್ಟುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದರು. ಬೈದಿದ್ದರೆ ಚೆನ್ನಾಗಿತ್ತು.

"ಹಂಗಾರ ಹಳೇದನ್ನ ಹಾಕಿ ಬಿಡ್ರಿ," ಅಂದರು ಕೊನೆಗೆ.

"ಹಳೇದನ್ನ ಕತ್ತರಿಸೇನ್ರಿ."

"ನನ್ನ ಕೇಳದ?"

"ಕೇಳದ ಕತ್ತರಿಸೇನ್ರಿ."

ಅವರು ಗೂಟವನ್ನು ನನ್ನ ಕೈಗೆ ವಾಪಸ್ ಕೊಟ್ಟರು. "ಹಂಗಿದ್ರ ಇದನ್ನ ಸರಿ ಮಾಡ್ರಿ. ನನಗ ಗಾಡಿ ಇಲ್ಲದ ನಡ್ಯೂದಿಲ್ಲ."

ಮರುದಿನ ಚಾದಂಗಡಿಗೆ ಹೋಗಿ, ಎಲ್ಲರೂ ಇದ್ದ ಹೊತ್ತಿನಲ್ಲಿ, ತಪ್ಪು ನನ್ನದು ಅಂತ ಹೇಳಿದೆ. ಗೂಟವನ್ನು ಮೇಜಿನ ಮೇಲಿಟ್ಟು ರಿವೆಟ್ಟು ತೋರಿಸಿದೆ. ಅಂಗಡಿಯ ಯಜಮಾನರು ಅದನ್ನು ನೋಡಲೂ ಇಲ್ಲ.

"ಬಾಯಾರ ಮಾನ ಉಳಸಾಕ ತನ್ನ ಮ್ಯಾಲ ಹಾಕ್ಕೋತಾನ ನೋಡ್ರಿ," ಅಂದರು ಉಳಿದವರಿಗೆ. "ದೊಡ್ಡ ಮನಸು."

ಡ್ರೈವರ್ ನನ್ನ ಬೆನ್ನು ತಟ್ಟಿದ. ನಾನು ಇನ್ನೂ ಜೋರಾಗಿ ಹೇಳಿದೆ. ಹೇಳಿದಷ್ಟೂ ನನ್ನ ಹೆಸರೇ ದೊಡ್ಡದಾಯಿತು. ತಪ್ಪು ಒಪ್ಪಿಕೊಂಡು ಹಗುರಾಗಿ ಬರುತ್ತೇನೆಂದು ಹೋದವನು ಇನ್ನೊಂದು ಹೊರೆ ಹೊತ್ತು ಬಂದೆ.

ಗಾಡಿಯನ್ನು ಎತ್ತು ಕಟ್ಟಿ ಎಳೆಸಿ ತಂದೆವು. ಸೀಳಿದ ಗಾಜು ತೆಗೆದು ಹೊಸದು ಕೂಡಿಸಿದೆ. ಮಡಚಿದ ತಗಡನ್ನು ಮತ್ತೆ ಕಾಯಿಸಿ ಸಮ ಮಾಡಿದೆ. ಮೊದಲು ನನಗೆ ಹೊಳೆದ ಉಪಾಯ ಪಟ್ಟಿ. ಹುಕ್ಕೇರಿಗೆ ಹೋಗಿ, ಟಾಂಗಾದ ಕುದುರೆಗಳಿಗೆ ಜೀನು ಹೊಲಿಯುವವರಿಂದ ಬಕ್ಕಲ್ ಇರುವ ಎರಡು ತೊಗಲಿನ ಪಟ್ಟಿ ಹೊಲಿಸಿ ತಂದೆ. ಬಾನೆಟ್ಟಿನ ಮುಂದಿನ ಎರಡೂ ಮೂಲೆಗಳ ಮೇಲಿಂದ ಹಾಯಿಸಿ ಕೆಳಗೆ ಗಾಡಿಯ ಚಾಸಿ ಚೌಕಟ್ಟಿಗೆ ಬಿಗಿದೆ. ಈ ಸಲ ನಾನೇ ಗಾಡಿ ಹೊಡೆದು ನೋಡಿದೆ. ಒಣ ರಸ್ತೆಯಲ್ಲಿ ಮಿಸುಕಲಿಲ್ಲ. ಬರುವಾಗ ಒಂದು ಹಳ್ಳ ದಾಟಿದೆ. ನೀರು ಸಿಡಿದು ತೊಗಲು ನೆನೆಯಿತು. ನೆನೆದ ತೊಗಲು ಹಿಗ್ಗಿತು. ಮುಂದೆ ಸ್ವಲ್ಪ ದೂರದಲ್ಲೇ ಅಂಚು ಎದ್ದು ಎದ್ದು ಬೀಳತೊಡಗಿತು. ನಿಲ್ಲಿಸಿ, ಇಳಿದು, ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತೆ.

ಅಲ್ಲಿ ಕೂತಾಗ ನನಗೆ ಅರ್ಥವಾದದ್ದು ಇಷ್ಟು. ನಾನು ಇನ್ನೂ ಆ ಹಪ್ಪಳವನ್ನೇ ಉಳಿಸಿಕೊಳ್ಳಲು ಒದ್ದಾಡುತ್ತಿದ್ದೆ. ಬಾಯಿಯವರು ಒಂದು ಕೈಯಲ್ಲಿ ಎತ್ತುವಂತೆ ಇರಲಿ ಅಂದಿದ್ದರು. ಒಂದು ಬೆರಳಿನಲ್ಲಿ ಎತ್ತುವಂತೆ ಇರಲಿ ಅಂತ ಯಾರೂ ಕೇಳಿರಲಿಲ್ಲ. ಆ ಬೆರಳು ನನ್ನ ಜಂಬಕ್ಕೆ ಬೇಕಾಗಿತ್ತು. ಕಬ್ಬಿಣ ಸೇರಿಸದೆ ಗತಿಯಿಲ್ಲ ಎಂದು ಅಲ್ಲಿಯೇ ತೀರ್ಮಾನಿಸಿದೆ. ಎಷ್ಟು ಸೇರಿಸಬಹುದು ಎಂಬುದನ್ನು ಮಾತ್ರ ಅವರ ಕೈಯನ್ನೇ ಕೇಳಬೇಕು.

ಮೂಡಲಗಿಯ ದವಾಖಾನೆಯ ಅಂಗಳಕ್ಕೆ ಗಾಡಿ ಒಯ್ದೆ. ಸಣ್ಣ ಸಣ್ಣ ಚೀಲಗಳಲ್ಲಿ ಮರಳು ತುಂಬಿಕೊಂಡು ಹೋಗಿದ್ದೆ. ಬಾನೆಟ್ಟಿನ ಮುಂದಿನ ತುದಿಗೆ ಒಂದು ಚೀಲ ಕಟ್ಟಿದೆ.

"ಎಡಗೈಲೆ ಎತ್ರಿ ಬಾಯಾರ."

ಎತ್ತಿದರು. ಇನ್ನೊಂದು ಕಟ್ಟಿದೆ. ಎತ್ತಿದರು. ಮತ್ತೊಂದು.

"ಇದು ಆಗತೈತ್ರಿ, ಆದ್ರ ದಣಿದಾಗ ಆಗೂದಿಲ್ಲ," ಅಂದರು. "ನಾ ಇದನ್ನ ಎತ್ತೂದು ದಣಿದಾಗನ."

ಒಂದು ಚೀಲ ಬಿಚ್ಚಿದೆ. ಉಳಿದಷ್ಟು ತೂಕದ ಕಬ್ಬಿಣಕ್ಕೆ ಅಪ್ಪಣೆ ಸಿಕ್ಕಿತು.

ಮುಂದಿನ ಅಂಚಿನುದ್ದಕ್ಕೂ ಒಂದು ಕಬ್ಬಿಣದ ಪಟ್ಟಿ, ಅಲ್ಲಿಂದ ಬಿಜಾಗರಿಗಳವರೆಗೆ ಎರಡು ಪಟ್ಟಿ. ಗೂಟವನ್ನು ಈಗ ತಗಡಿಗಲ್ಲ, ಆ ಕಬ್ಬಿಣಕ್ಕೇ ಕೂಡಿಸಿದೆ. ರಿವೆಟ್ಟಿನ ಬದಲು ಬೋಲ್ಟು, ಅದು ಸಡಿಲಾಗದಂತೆ ಸ್ಪ್ರಿಂಗ್ ವಾಶರ್. ಅಂಚಿಗೆ ಸುಣ್ಣ ಸವರಿ ಮುಚ್ಚಿ ತೆಗೆದು, ಎಲ್ಲಿ ತಾಗುತ್ತದೆ ಎಲ್ಲಿ ಸಂದಿ ಇದೆ ನೋಡಿ, ಗಾಳಿ ಹೋಗುವ ಸಂದಿ ಇದ್ದಲ್ಲಿ ತಗಡನ್ನು ಬಗ್ಗಿಸಿದೆ. ತೊಗಲಿನ ಜಾಗದಲ್ಲಿ ದಂಡಿನವರು ಬಳಸುವ ದಪ್ಪ ಕ್ಯಾನ್ವಾಸ್ ಪಟ್ಟಿ ಹಾಕಿದೆ. ಅದು ನೆನೆದರೂ ಹಿಗ್ಗುವುದಿಲ್ಲ.

ಎರಡನೆಯ ಕೊಂಡಿಯನ್ನು ಹೊಸದಾಗಿ ಮಾಡಿದೆ. ಅದರ ಬಾಲವನ್ನು ಉದ್ದ ಬಿಟ್ಟು ಎಡಗಡೆಗೆ ತಂದೆ. ಅಂಗೈ ಬಾನೆಟ್ಟನ್ನು ಎತ್ತುವಾಗ ಅದೇ ಕೈಯ ಎರಡು ಬೆರಳು ಬಾಲವನ್ನು ಎಳೆಯುವಂತೆ. ಮುಗಿಸಿ ಆಡಿಸಿ ನೋಡಿದಾಗ ಅಳು ಬರುವಂತಾಯಿತು. ಅಷ್ಟು ಸುಲಭದ ಕೆಲಸ ಅದು. ಮೊದಲೇ ಒಂದು ಬೆಳಗ್ಗೆ ಕೂತು ಯೋಚಿಸಿದ್ದರೆ ಆಗುತ್ತಿತ್ತು.

ಪರೀಕ್ಷೆಗೆ ಹುಕ್ಕೇರಿ ರಸ್ತೆ ಹಿಡಿದೆವು. ಬಾಯಿಯವರು ಗಾಡಿ ಹೊಡೆದರು, ನಾನು ಪಕ್ಕದಲ್ಲಿ. ಅಂಚಿನುದ್ದಕ್ಕೂ ಉಣ್ಣೆಯ ಎಳೆಗಳನ್ನು ಅಂಟಿಸಿದ್ದೆ. ಅಡಿಯಿಂದ ಗಾಳಿ ನುಗ್ಗಿದರೆ ಎಳೆ ಮೇಲಕ್ಕೆ ಏಳುತ್ತದೆ. ಮೂರು ಬಂದೋಬಸ್ತು ಇದ್ದವು, ಲಾಕ್, ಕೊಂಡಿ, ಪಟ್ಟಿ. ಎಲ್ಲವೂ ಇದ್ದಾಗ ಹಿಡಿಯುವುದೇನೂ ದೊಡ್ಡದಲ್ಲ. ಎರಡು ಕೈಕೊಟ್ಟಾಗ ಉಳಿದ ಒಂದೇ ಹಿಡಿಯಬೇಕು. ಆದ್ದರಿಂದ ಮೊದಲು ಲಾಕ್ ಬಿಡಿಸಿ, ಪಟ್ಟಿ ಬಿಚ್ಚಿ, ಬರೀ ಕೊಂಡಿಯ ಮೇಲೆ ಹೋದೆವು. ಆಮೇಲೆ ಬರೀ ಪಟ್ಟಿಯ ಮೇಲೆ.

"ಇನ್ನೂ ಜೋರ್ ಹೋಗ್ಲೇನ್ರಿ?" ಅಂತ ಕೇಳಿದರು.

"ಹೋಗ್ರಿ."

"ಹೆದರಿಕಿ ಆಗಾಕತ್ತೈತೇನು?"

"ಆಗಾಕತ್ತೈತ್ರಿ."

"ನನಗೂ," ಅಂದರು. ಅಂದು ಇನ್ನಷ್ಟು ಜೋರು ಮಾಡಿದರು. ಎಳೆಗಳು ಹಿಂದಕ್ಕೆ ಒರಗಿ ಮಲಗಿದವು. ಒಂದೂ ಮೇಲೇಳಲಿಲ್ಲ. ಅಂಚು ಅಲುಗಲಿಲ್ಲ. ಅವರ ಕೈ ಸ್ಟೇರಿಂಗಿನ ಮೇಲೆ ಎಷ್ಟು ಶಾಂತವಾಗಿತ್ತೆಂದರೆ, ನನ್ನ ಗೆಳೆಯ ಡ್ರೈವರನ ಕೈಯೂ ಹಾಗಿದ್ದದ್ದನ್ನು ನಾನು ಕಂಡಿಲ್ಲ.

ಕೆಟ್ಟ ರಸ್ತೆಯಲ್ಲಿ ಬೋಲ್ಟು ಸಡಿಲಾಗುತ್ತವೋ ನೋಡಬೇಕೆಂದು ಮೂಡಲಗಿಯವರೆಗೂ ಜೊತೆಗೆ ಹೋದೆ. ದವಾಖಾನೆಯ ಮುಂದೆ ಒಂದು ಚಕ್ಕಡಿ ನಿಂತಿತ್ತು. ಮೇಲವಂಕಿಯ ರೈತನೊಬ್ಬ ಹೆಂಡತಿಯನ್ನು ತಂದಿದ್ದ. ಬಾಯಿಯವರು ಅವಳನ್ನು ಒಳಗೆ ಒಯ್ದು ನೋಡಿ ಬೇಗನೆ ಹೊರಬಂದರು. ಕೂಸು ಅಡ್ಡ ಇತ್ತು. ಗೋಕಾಕಕ್ಕೆ ಒಯ್ಯಲೇಬೇಕು.

ರೈತ ಗಾಡಿಯನ್ನು ನೋಡಿದ. ಅವನ ಊರಿನ ಹೊಲದಲ್ಲೇ ಅದು ಮೂತಿ ತಗ್ಗಿಸಿ ನಿಂತಿತ್ತಲ್ಲ. ಅವನು ಬಾಯಿಯವರನ್ನು ಬಿಟ್ಟು ನನ್ನ ಹತ್ತಿರ ಬಂದ.

"ಮಿಸ್ತ್ರಿ, ನಿಮಗ ಗಾಡಿ ಹೊಡಿಯಾಕ ಬರತೈತ್ಯೋ ಇಲ್ರಿ?"

"ಬರತೈತಿ."

"ಹಂಗಾರ ನೀವ ಹೊಡೀರಿ. ನಿಮ್ಮ ಕಾಲಿಗೆ ಬೀಳ್ತೇನಿ. ಬಾಯಾರು ಹಿಂದ ಕುಂಡ್ರಲಿ."

ಬಾಯಿಯವರು ಎಲ್ಲ ಕೇಳಿಸಿಕೊಂಡರು. ಚಾವಿಯನ್ನು ನನ್ನ ಮುಂದೆ ಹಿಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಒಳಗೆ ಒಂದು ಹೆಣ್ಣು ನರಳುತ್ತಿತ್ತು, ವಾದಕ್ಕೆ ಹೊತ್ತಿರಲಿಲ್ಲ, ಅಷ್ಟೇ.

ನಾನು ಚಾವಿ ಮುಟ್ಟಲಿಲ್ಲ.

"ನೋಡಪಾ," ಅಂದೆ ರೈತನಿಗೆ. "ಆ ಬಾನೆಟ್ ಮಾಡಿದಾಂವ ನಾ. ಹಾರಿದ್ದು ನನ್ನ ತಪ್ಪಿಗೆ. ಕಣ್ಣ ಮುಚ್ಚಿದಂಗ ಆದ್ರೂ ಗಾಡಿ ನಿಂದರಿಸಿ ಮೂರ ಜೀವ ಉಳಿಸಿದವ್ರು ಬಾಯಾರು. ನಾ ಆಗಿದ್ರ ಉರುಳಸ್ತಿದ್ನಿ. ಅವರ ಹೊಡೀತಾರ. ನಾ ಮುಂದ, ಬಾನೆಟ್ಟಿನ ಎದರ ಕುಂಡ್ರತೇನಿ. ನನಗೂ ಹೆಂಡ್ತಿ ಮಕ್ಕಳ ಅದಾರ. ಗಾಡಿ ಹತ್ತು."

ಅವನು ನಂಬಿದನೋ ಇಲ್ಲವೋ ಗೊತ್ತಿಲ್ಲ, ಬೇರೆ ದಾರಿ ಇರಲಿಲ್ಲ. ಹೆಂಡತಿಯನ್ನು ಎತ್ತಿ ಹಿಂದೆ ಮಲಗಿಸಿ ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತ. ನಾನು ಲಾಕ್ ಒತ್ತಿದೆ, ಕೊಂಡಿ ಎಳೆದು ನೋಡಿದೆ, ಪಟ್ಟಿ ಬಿಗಿದೆ. ಗೋಕಾಕದವರೆಗೆ ಅವನು ದೇವರ ನಾಮ ಹೇಳುತ್ತಲೇ ಇದ್ದ. ತಗ್ಗು ಬಂದಲ್ಲಿ ಬಾಯಿಯವರು ಕೂಸಿನ ತೊಟ್ಟಿಲು ದಾಟಿಸಿದ ಹಾಗೆ ಗಾಡಿ ದಾಟಿಸಿದರು, ಸಮ ರಸ್ತೆ ಸಿಕ್ಕಲ್ಲಿ ಓಡಿಸಿದರು.

ನಾನು ದವಾಖಾನೆಯ ಅಂಗಳದಲ್ಲಿ ಕಾಯುತ್ತ ಒಂದೊಂದು ಬೋಲ್ಟನ್ನೂ ಮುಟ್ಟಿ ನೋಡಿದೆ. ಎಲ್ಲ ಬಿಗಿಯಾಗಿದ್ದವು. ಹೊತ್ತು ಇಳಿಯುವ ಮುಂಚೆ ರೈತ ಓಡಿ ಬಂದ. ಹೆಣ್ಣು ಕೂಸು, ತಾಯಿ ಮಾತಾಡುತ್ತಿದ್ದಾಳೆ ಅಂದ. ನನ್ನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡ.

"ನೀವು ಇದ್ರಿ ಅಂತ ಬದಕಿದ್ವಿ ನೋಡ್ರಿ ಮಿಸ್ತ್ರಿ! ನೀವು ಮುಂದ ಕುಂತಿರಲಿಲ್ಲಂದ್ರ ಆ ಬಾಯಾರ ಕೈಯಾಗ ನಮ್ಮ ಗತಿ ಏನ ಆಕ್ಕಿತ್ತೋ."

ಬಾಯಿಯವರು ಮೆಟ್ಟಿಲ ಮೇಲೆ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಕೇಳಿಸಿತು ಅವರಿಗೆ. ನಾನು ಕೈ ಬಿಡಿಸಿಕೊಳ್ಳಲು ನೋಡಿದೆ, ಅವನು ಬಿಡಲೊಲ್ಲ. ಅವರು ಇಳಿದು ಬಂದು ಬಾನೆಟ್ಟಿನ ಪಟ್ಟಿಗಳನ್ನು ತಾವೇ ಎಳೆದು ನೋಡಿದರು.

"ನಾನೂ ಬರ್ತೇನ್ರಿ ಬಾಯಾರ, ಮೂಡಲಗಿತನಕ," ಅಂದೆ.

"ನೀವ್ಯಾಕ? ನಿಮ್ಮ ಮನಿ ಇಲ್ಲೇ ಐತೆಲ್ಲ," ಅಂದರು. ಗಾಡಿ ಹತ್ತಿದರು. ಗೇಟಿನ ಹತ್ತಿರ ಒಂದು ಎತ್ತು ಅಡ್ಡ ಬಂತು. ಅದು ಹೋಗುವವರೆಗೆ ನಿಂತು, ಆಮೇಲೆ ರಸ್ತೆಗೆ ತಿರುಗಿದರು.

ರೈತ ಗಾಡಿ ಹೋದ ಕಡೆಗೇ ನೋಡುತ್ತಿದ್ದ. "ಒಬ್ಬರ ಹೊಂಟ್ರಲ್ರಿ?" ಅಂದ, ಗಾಬರಿಯಿಂದ.

"ಹೂಂ," ಅಂದೆ. "ಯಾವಾಗ್ಲೂ ಒಬ್ಬರ ಹೋಗತಾರ."